ಅರ್ಧ ಇಂಚಿನ ದಂಡ

ಡಲ್ಲಾಸ್‌ನಲ್ಲಿರುವ ಮಗಳ ಬಾಣಂತನಕ್ಕೆ ಅಂತ ನಮ್ಮ ಭಾವ, ಅಕ್ಕ ತೀರ್ಥಹಳ್ಳಿಯಿಂದ ಬಂದಿದ್ದರು. ಬಾಣಂತಿ ಮನೆಯಲ್ಲಿ ಭಾವನಿಗೇನು ಕೆಲಸ? ಮೀನು ಹಿಡಿಯುವ ಲೈಸೆನ್ಸ್ ತೆಗೆಸಿಕೊಟ್ಟು ಲವಾನ್ ಕೆರೆಗೆ ಕರೆದುಕೊಂಡು ಹೋದೆ. ಗಾಳ ಹಾಕುವುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಧ್ಯಾಹ್ನದೊಳಗೆ ಡಬ್ಬಿಯಲ್ಲಿ ಮೂರು ಬಾಸ್ ಮೀನು ಬಿದ್ದಿದ್ದವು.

ಅಷ್ಟರಲ್ಲಿ ಗೇಮ್ ವಾರ್ಡನ್ ಬಂದ, ಬೇಟೆ, ಮೀನುಗಾರಿಕೆಯ ಕಾನೂನು ನೋಡಿಕೊಳ್ಳುವ ಅಧಿಕಾರಿ. ನಮಸ್ಕಾರ, ಕುಶಲ ಎಲ್ಲ ಆಯಿತು. ಲೈಸೆನ್ಸ್ ನೋಡಿದ, ಡಬ್ಬಿ ತೆರೆಸಿದ. ಒಂದೊಂದೇ ಮೀನನ್ನು ಅಳತೆ ಹಲಗೆ ಮೇಲೆ ಮಲಗಿಸಿ, ಬಾಯಿ ಮುಚ್ಚಿ, ಬಾಲದ ಎರಡು ತುದಿಯನ್ನೂ ಬೆರಳಲ್ಲಿ ಒತ್ತಿ ಹಿಡಿದು ಓದಿದ. ಟೆಕ್ಸಾಸ್‌ನಲ್ಲಿ ಈ ಮೀನು 14 ಇಂಚಾದರೂ ಇರಬೇಕು, ದಿನಕ್ಕೆ 5 ಮಾತ್ರ. ಮೂರನೆಯದು ಹದಿಮೂರುವರೆ. ಬಾಲ ಇನ್ನೊಂಚೂರು ಒತ್ತಿ ನೋಡಿದ, ಪಾಪ. ಉದ್ದ ಆಗಲಿಲ್ಲ. ಚೀಟಿ ಬರೆದ.

"ಅರ್ಧ ಇಂಚಿಗೆ ದಂಡಾನಾ ಮಾರಾಯ? ಯಾರಿಗಾದ್ರೂ ಒಂದು ಫೋನ್ ಮಾಡು" ಅಂದರು ಭಾವ.

ಯಾರಿಗೆ ಮಾಡಲಿ? ನಮ್ಮೂರಿನಲ್ಲಾದರೆ ಫೋನ್ ಮಾಡಲು ಐದು ಜನ ಇರುತ್ತಾರೆ, ಆರನೆಯವರು ಕೇಳದೆಯೇ ಬರುತ್ತಾರೆ. ಇಲ್ಲಿ ಇಂಥ ಸಣ್ಣ ತಪ್ಪಿಗೆ 25ರಿಂದ 500 ಡಾಲರ್ ದಂಡ. ಸತ್ತ ಮೀನಿನ ಬೆಲೆಯನ್ನೂ ಸರ್ಕಾರ ಬೇರೆಯಾಗಿ ಕೇಳಬಹುದು, ಅದನ್ನು ಕಟ್ಟದಿದ್ದರೆ ಮುಂದೆ ಲೈಸೆನ್ಸ್ ಸಿಗುವುದಿಲ್ಲ. ದೊಡ್ಡ ತಪ್ಪಿಗೆ ಲೈಸೆನ್ಸ್ ಅಮಾನತಾದರೆ ಪಕ್ಕದ ರಾಜ್ಯಕ್ಕೆ ಹೋಗಿ ಮಾಡಿಸಿಕೊಳ್ಳೋಣ ಅಂದರೂ ಆಗದು. ಹೆಚ್ಚುಕಮ್ಮಿ ಎಲ್ಲ ರಾಜ್ಯಗಳೂ ಈ ವಿಷಯದಲ್ಲಿ ಒಪ್ಪಂದ ಮಾಡಿಕೊಂಡಿವೆ. ನಮ್ಮಲ್ಲಿ ಆಗುಂಬೆ ಘಾಟಿ ಇಳಿದರೆ ಸಾಕು, ಹಳೇದೆಲ್ಲ ಮರೆತುಹೋಗುತ್ತದೆ.

ಹಾಗಂತ ನಮ್ಮಲ್ಲಿ ಕಾನೂನಿಗೆ ಬರ ಇದೆಯಾ? ಮೀನಿಗೆ ತೋಟೆ (ಸಿಡಿಮದ್ದು) ಹಾಕಬೇಡಿ, ನೀರಿಗೆ ವಿಷ ಬೆರೆಸಬೇಡಿ ಅಂತ 1897ರಲ್ಲೇ ಬರೆದಿಟ್ಟಿದ್ದಾರೆ. 1972ರ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ತಂದು ದಂಡ ಏರಿಸಿದರು. ಕಾಟಿ (ಕಾಡುಕೋಣ) ಹೊಡೆದರೆ 3ರಿಂದ 7 ವರ್ಷ ಜೈಲು, ಜೊತೆಗೆ ಕಡಿಮೆ ಎಂದರೂ 25 ಸಾವಿರ ರೂಪಾಯಿ ದಂಡ. ಓದಿದರೆ ಮೈ ನಡುಗಬೇಕು. ಆದರೆ ಜೂನ್‌ನಲ್ಲಿ ಮೊದಲ ಮಳೆ ಬಿದ್ದು ಹಳ್ಳ ಕೆಂಪಾದ ರಾತ್ರಿ ಗದ್ದೆ ಬದುವಿಗೆ ಹೋಗಿ ನೋಡಿ. ಟಾರ್ಚು, ಕತ್ತಿ, ಮೀನು ಹಿಡಿಯುವ ಬಿದಿರಿನ ಕೂಣಿ, ಕಂಬಳಿಕೊಪ್ಪೆ. ಹೊಟ್ಟೆ ತುಂಬ ಮೊಟ್ಟೆ ಹೊತ್ತು, ಹರಿವ ನೀರಿಗೆ ಎದುರಾಗಿ ಮೇಲಕ್ಕೆ ಹತ್ತಿ ಬರುವ ಹತ್ತುಮೀನು ಮರುದಿನ ಬೆಳಿಗ್ಗೆ ಕಡುಬಿನ ಜೊತೆ ತಟ್ಟೆಯಲ್ಲಿರುತ್ತದೆ. ಆಮೇಲೆ ಜಗಲಿಯಲ್ಲಿ ಕೂತು, "ಮೊದಲಿನಷ್ಟು ಮೀನೇ ಇಲ್ಲ ಕಣೋ" ಅಂತ ನಿಟ್ಟುಸಿರು ಬೇರೆ!

ನನಗನಿಸುವುದು ಇಷ್ಟು. ಏಳು ವರ್ಷ ಜೈಲು ಅಂದರೆ ಯಾರೂ ಹೆದರುವುದಿಲ್ಲ, ಅದು ತನಗೆ ಆಗುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಕೇಸು ಹಾಕುವವರಿಗೂ ಕೈ ಬರುವುದಿಲ್ಲ. ಗುರುತಿನ ಹುಡುಗ, ಜೀವನ ಹಾಳಾಗುತ್ತೆ ಅಂತ ಬಿಡುತ್ತಾರೆ. ಅದೇ ಸ್ಥಳದಲ್ಲೇ ಐನೂರು ರೂಪಾಯಿ ಚೀಟಿ ಹರಿದು ಕೊಟ್ಟು, ಕೂಣಿ ಕಿತ್ತುಕೊಂಡು ಹೋಗಲಿ. ಮುಂದಿನ ವರ್ಷ ಅರ್ಧ ಜನ ಮನೆಯಲ್ಲೇ ಇರುತ್ತಾರೆ.

ದಾರಿಯುದ್ದಕ್ಕೂ ಭಾವ ಸುಮ್ಮನಿದ್ದರು. ಮನೆ ಹತ್ತಿರ ಬಂದಾಗ ಕೇಳಿದರು, "ಇಲ್ಲಿ ಹಂದಿಗೆ ಏನು ಕಾನೂನು?" ಖಾಸಗಿ ಜಮೀನಿನಲ್ಲಿ ಮಾಲೀಕರ ಒಪ್ಪಿಗೆಯಿದ್ದರೆ ಕಾಡುಹಂದಿಗೆ ಲೈಸೆನ್ಸೂ ಬೇಡ, ಲೆಕ್ಕವೂ ಇಲ್ಲ ಅಂದೆ. ಅವರು ನಕ್ಕ ರೀತಿ ನನಗೆ ಹಿಡಿಸಲಿಲ್ಲ. ಆದರೆ ಒಂದೇ ರಾತ್ರಿಯಲ್ಲಿ ಅರ್ಧ ಎಕರೆ ಭತ್ತ ಹಂದಿ ಪಾಲಾದವರು ಅವರು. ಇಲ್ಲಿಯ ಹಂದಿ ಹೊರಗಿಂದ ಬಂದದ್ದು, ನಮ್ಮದು ಕಾಡಿನದೇ, ಎರಡೂ ಒಂದೇ ಅಲ್ಲ ಅಂತ ವಾದಿಸಬಹುದಿತ್ತು. ಬಾಯಿ ಬರಲಿಲ್ಲ.

ಇನ್ನೊಂದನ್ನೂ ಹೇಳಿಬಿಡುತ್ತೇನೆ, ಮನಸ್ಸಿಲ್ಲದಿದ್ದರೂ. ಶೃಂಗೇರಿ ದೇವಸ್ಥಾನದ ಹೊಳೆ ಮೆಟ್ಟಿಲ ಬಳಿ, ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆ ಮಡುವಿನಲ್ಲಿ ಮೊಳದುದ್ದದ ಮೀನುಗಳು ಜನರ ಕೈಯಿಂದಲೇ ಮಂಡಕ್ಕಿ ತಿನ್ನುತ್ತವೆ. ಅಲ್ಲಿ ಜನರನ್ನು ತಡೆಯುವುದು ವಾರ್ಡನ್ ಅಲ್ಲ, ದೇವರ ಭಯ. ಲವಾನ್ ಕೆರೆಯಲ್ಲಿ ಹಾಗೆ ಹತ್ತಿರ ಬರುವ ಮೀನನ್ನು ನಾನು ನೋಡಿಲ್ಲ.