ಹೊಳ್ಳಿ ತಾರದ ನಾಯಿ

ಹೋದ ರವಿವಾರ ಮುಧೋಳದಲ್ಲಿ ತಂಗಿಯ ಮನೆಗೆ ಹೋಗಿದ್ದೆ. ರೊಟ್ಟಿ, ಎಣ್ಣಿಗಾಯಿ ಬಾಯಲ್ಲಿದ್ದಾಗಲೇ ಏಳನೇ ಈಯತ್ತೆಯ ಸೋದರಳಿಯ ಕೇಳಿದ: "ಮಾಮಾ, ರಿಟ್ರೀವ್ ಅಂದ್ರ ಏನು?"

"ಹೊಳ್ಳಿ ತರೂದು" ಅಂದೆ. ಅಲ್ಲಿಗೇ ನಿಲ್ಲಿಸಿದ್ದರೆ ಚಪ್ಪಲಿ ಉಳಿಯುತ್ತಿತ್ತು.

"ಹಂಗಾರ ರಿಟರ್ನ್?"

"ಅದು ಹೊಳ್ಳಿ ಕೊಡೂದು."

"ರಿಕವರ್?"

"ಜ್ವರಾ ಬಿಟ್ಟ ಮ್ಯಾಲೆ ಮೈಯಾಗ ಮತ್ತ ಕಸುವು ಬರತೈತಲ್ಲ, ಅದು. ಬ್ಯಾಂಕಿನವರು ಸಾಲ ವಸೂಲಿ ಮಾಡೂದಕ್ಕೂ ಅದ ಮಾತು."

"ರಿಸ್ಟೋರ್?"

ಈಗ ನನಗೆ ಉಮೇದು ಬಂತು. ಕೆಟ್ಟದ್ದನ್ನು ಮೊದಲಿನಂತೆ ಮಾಡುವುದು ರಿಸ್ಟೋರ್. ರೆಸ್ಟೋರೆಂಟ್ ಅನ್ನುವ ಪದವೂ ಇದರ ಬಳಗದ್ದೇ. ಫ್ರಾನ್ಸಿನಲ್ಲಿ ಮೊದಲು ಸೋತ ಮೈಗೆ ಬಲ ತುಂಬುವ ಸಾರಿಗೇ ಆ ಹೆಸರಿತ್ತು ಎಂದು ವಿವರಿಸುತ್ತ ನಾಲ್ಕನೇ ರೊಟ್ಟಿಗೆ ಕೈ ಚಾಚಿದೆ. ತಂಗಿ ಬುಟ್ಟಿ ಆಚೆ ಸರಿಸಿದಳು. "ಅಣ್ಣಾ, ನಿನಗ ಭಾಳ ರಿಸ್ಟೋರ್ ಆಗೇತಿ. ಸಾಕು ಮಾಡು."

ಕೈ ತೊಳೆದುಕೊಂಡು ಬಂದು ಮತ್ತೆ ರಿಟ್ರೀವ್ ಹಿಡಿದೆ. ಫ್ರೆಂಚರ 'ಟ್ರೂವೆ' ಅಂದರೆ ಹುಡುಕಿ ಪಡೆಯುವುದು. ಅದರ ಮೊದಲಿಗೆ 'ರೆ' ಸೇರಿಸಿದರೆ ಮತ್ತೊಮ್ಮೆ ಪಡೆಯುವುದು. 15ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ಇದು ಬೇಟೆಗಾರರ ಮಾತು, ಕೈತಪ್ಪಿದ ಬೇಟೆಯನ್ನು ನಾಯಿ ಮತ್ತೆ ಪತ್ತೆ ಹಚ್ಚುವುದಕ್ಕೆ ಹೇಳುತ್ತಿದ್ದದ್ದು. ಗೋಲ್ಡನ್ ರಿಟ್ರೀವರ್, ಲ್ಯಾಬ್ರಡಾರ್ ರಿಟ್ರೀವರ್ ಹೆಸರೆಲ್ಲ ಆ ಕಡೆಯವು. ಕಂಪ್ಯೂಟರಿನಿಂದ ಕಡತ ತೆಗೆಯುವುದಕ್ಕೂ ಅದನ್ನೇ ಹೇಳುವುದು ತೀರಾ ಈಚಿನ ಸಂಗತಿ.

"ನಮ್ಮ ನಾಯಿನೂ ತರತೈತೇನು?"

ಅಂಗಳದಲ್ಲಿ ಮಲಗಿದ್ದದ್ದು ಸಾದಾ ನಾಯಿಯಲ್ಲ. ಘೋರ್ಪಡೆ ಅರಸರು ಮುತುವರ್ಜಿಯಿಂದ ಸಾಕಿದ ತಳಿ, 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ಮುಧೋಳ ನಾಯಿ. ಚೀಟಿಯ ಮೇಲೆ ಕೂತದ್ದಕ್ಕೆ ನನ್ನದೊಂದು ಚಪ್ಪಲಿ ತರುವುದು ಯಾವ ದೊಡ್ಡ ಮಾತು? ಹಿತ್ತಲಿಗೆ ಹೋಗಿ ಹೊಸ ಕೊಲ್ಹಾಪುರಿ ಬಿಚ್ಚಿ ಕಬ್ಬಿನ ಹೊಲದ ಕಡೆ ಒಗೆದೆ.

ನಾಯಿ ಹಾರಿತು. ಆ ಓಟ ನೋಡಬೇಕು! ಬೆನ್ನು ಬಿಲ್ಲಿನಂತೆ ಬಾಗಿ ಬಿಚ್ಚುತ್ತಿತ್ತು, ನಾಲ್ಕೂ ಕಾಲು ನೆಲ ಬಿಟ್ಟಿದ್ದವು. ಅದೇ ವೇಗದಲ್ಲಿ ಚಪ್ಪಲಿಯನ್ನು ದಾಟಿ, ಬದು ದಾಟಿ, ದೂರದಲ್ಲಿ ನಿಂತು ನನ್ನನ್ನೇ ತಿರುಗಿ ನೋಡಿತು. ಮುಂದೇನು ಎಂಬಂತೆ.

ಬದುವಿನ ಮೇಲೆ ಎಲಿ ಅಡಿಕಿ ಹಾಕಿಕೊಳ್ಳುತ್ತಿದ್ದ ಮುದುಕರು ನಕ್ಕರು. "ಸಾಹೇಬ್ರ, ಅದು ಕಣ್ಣಿಲೆ ನೋಡಿ ಬೆನ್ನು ಹತ್ತೂ ನಾಯಿರೀ. ಮೊಲಾ ಓಡಿದ್ರ ಬಿಡೂದಿಲ್ಲ. ನಿಮ್ಮ ಚಪ್ಪಲ್ ಎಲ್ಲಿ ಓಡತೈತಿ?"

ಅವತ್ತೇ ಕಬ್ಬಿಗೆ ನೀರು ಬಿಟ್ಟಿದ್ದರು. ಬರಿಗಾಲಲ್ಲಿ ಇಳಿದೆ. ರವದಿ ಮೊಣಕಾಲತನಕ ಗೀರಿತು, ಕೆಸರು ಪಾದ ಬಿಡಲೊಲ್ಲದು. ಬಹಳ ಹೊತ್ತು ತಡಕಾಡಿ ಒಂದು ಚಪ್ಪಲಿ ಎತ್ತಿಕೊಂಡು ಬಂದೆ. ಅದು ಯಾರದೋ, ಉಂಗುಟ ಹರಿದದ್ದು.

"ಮಾಮಾ, ಇದೂ ರಿಟ್ರೀವಾ?"

"ಅಲ್ಲ" ಅಂದೆ. "ನಮ್ಮದಲ್ಲದ್ದು ತಂದ್ರ ಬರೇ ಫೆಚ್."

ಎರಡನೇ ಸಲ ನನ್ನದೇ ಸಿಕ್ಕಿತು. ಆದರೆ ಚರ್ಮ ನೀರು ಕುಡಿದು ಹಪ್ಪಳ ಹಿಟ್ಟಿನಂತೆ ಮೆತ್ತಗಾಗಿತ್ತು. ಹುಡುಗ ಆಗಲೇ ಪಟ್ಟಿಯಲ್ಲಿ ಸ್ವಂತ ವಾಕ್ಯ ಬರೆದಿದ್ದ: 'ಮೈ ಅಂಕಲ್ ಈಸ್ ಎ ಗುಡ್ ರಿಟ್ರೀವರ್.' ವ್ಯಾಕರಣದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.

ಭಾವನ ಚಪ್ಪಲಿ ಮೆಟ್ಟಿಕೊಂಡು ಬಾಗಲಕೋಟೆಯ ಬಸ್ಸು ಹತ್ತಿದೆ. ವಾರವಾಯಿತು, ಕಾಲಿಗೆ ಹೇಳಿ ಮಾಡಿಸಿದಂತಿವೆ. ನಿನ್ನೆ ಸಂಜೆ ಹುಡುಗನ ಫೋನು.

"ಮಾಮಾ, ನೀ ಅಂತೂ ರಿಟರ್ನ್ ಮಾಡಲಿಲ್ಲ. ಅದಕ್ಕ ಅಪ್ಪ ನಾಳೆ ಬರಾಕತ್ತಾರ, ರಿಕವರ್ ಮಾಡಾಕ."