ಹದಿನೈದು ದಿನಕ್ಕೊಮ್ಮೆ ಅಂದವರು ಯಾರು?

ನಾನಿರುವ ದುಬೈನಲ್ಲಿ ಹದಿನೈದು ದಿನಕ್ಕೊಮ್ಮೆ ಮ್ಯಾನಿಕ್ಯೂರ್, ಪೆಡಿಕ್ಯೂರ್, ಅಂದರೆ ಕೈಕಾಲಿನ ಮತ್ತು ಉಗುರಿನ ಆರೈಕೆ ಅನ್ನುವುದು ಮೊಬೈಲ್ ರೀಚಾರ್ಜ್ ಇದ್ದ ಹಾಗೆ. ಅವಧಿ ಮುಗಿಯಿತು, ಮಾಡಿಸಲೇಬೇಕು. ಸಲೂನಿನಿಂದ ಹೊರಡುವ ಮೊದಲೇ ಕೌಂಟರಿನ ಹುಡುಗಿ ಮುಂದಿನ ದಿನಾಂಕ ಬರೆದುಕೊಂಡಿರುತ್ತಾಳೆ. ನನ್ನೂರು ಹಾಸನ ಜಿಲ್ಲೆಯ ಸಕಲೇಶಪುರದ ಕಡೆ. ಅಲ್ಲಿ ಇದೇ ಕೆಲಸ ಹುಡುಗಿಗೆ ಮದುವೆ ಗೊತ್ತಾದಾಗ, ಫೇಶಿಯಲ್ ಜೊತೆ ಪ್ಯಾಕೇಜಿನಲ್ಲಿ ಬರುತ್ತದೆ. ಮದುವೆ ಮುಗಿದ ಮೇಲೆ ಆ ಕಾಲಿನ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ಎರಡೂ ಲೆಕ್ಕ ನನಗೆ ಸರಿ ಕಾಣುವುದಿಲ್ಲ. ಎಷ್ಟು ದಿನಕ್ಕೊಮ್ಮೆ ಅನ್ನುವುದನ್ನು ಇಲ್ಲಿ ಬಣ್ಣ ತೀರ್ಮಾನಿಸುತ್ತದೆ, ಅಲ್ಲಿ ಮುಹೂರ್ತ ತೀರ್ಮಾನಿಸುತ್ತದೆ. ಉಗುರನ್ನೋ ಹಿಮ್ಮಡಿಯನ್ನೋ ನೋಡಿ ತೀರ್ಮಾನಿಸುವವರು ಕಡಿಮೆ.

ಮೊದಲು ಬಣ್ಣದ ವಿಷಯ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಅಂದರೆ ಹದಿನೈದು ದಿನಕ್ಕೆ ಒಂದೂವರೆ. ಜೆಲ್ ಪಾಲಿಶ್ (ದೀಪದ ಕೆಳಗಿಟ್ಟು ಗಟ್ಟಿ ಮಾಡುವ ಉಗುರು ಬಣ್ಣ) ಹಾಕಿಸಿಕೊಂಡಿದ್ದರೆ ಬುಡದಲ್ಲಿ ಅಷ್ಟು ಜಾಗ ಖಾಲಿ ಕಾಣುತ್ತದೆ. ಅಂಚು ಏಳುವುದಕ್ಕೂ ಶುರುವಾಗುತ್ತದೆ. ಎರಡು ವಾರದ ಗುಟ್ಟು ಇಷ್ಟೇ. ಉಗುರಿಗೇನೂ ಆಗಿರುವುದಿಲ್ಲ, ಬಣ್ಣ ಹಳತಾಗಿರುತ್ತದೆ ಅಷ್ಟೇ. ಉಗುರಿಗೆ ಏನಾದರೂ ಆಗುವುದಿದ್ದರೆ ಆ ಬಣ್ಣ ತೆಗೆಯುವಾಗ. ಬಣ್ಣ ಸಡಿಲಿಸುವ ಅಸಿಟೋನಿನಲ್ಲಿ ಅದ್ದಿದ ಹತ್ತಿಯನ್ನು ಬೆರಳಿಗೆ ಸುತ್ತಿ ಹತ್ತು ಹದಿನೈದು ನಿಮಿಷ ಕಾಯಬೇಕು. ಅವಸರದವರು ಕೆರೆದು ಕೀಳುತ್ತಾರೆ, ಉಗುರಿನ ಮೇಲ್ಪದರವೂ ಅದರ ಜೊತೆಗೇ ಬರುತ್ತದೆ. ಇನ್ನು ಜೆಲ್ ಗಟ್ಟಿಯಾಗಲು ಕೈಯನ್ನು ಯುವಿ ದೀಪದ ಕೆಳಗಿಡಬೇಕು. ಅದಕ್ಕೆ ಮೊದಲು ಸನ್‌ಸ್ಕ್ರೀನ್ ಹಚ್ಚಿ, ಇಲ್ಲವೇ ಬೆರಳ ತುದಿ ಕತ್ತರಿಸಿದ ಗ್ಲೌಸ್ ಹಾಕಿಕೊಳ್ಳಿ ಅನ್ನುತ್ತಾರೆ ಚರ್ಮದ ಡಾಕ್ಟರುಗಳು. ಜೆಲ್ ಗಟ್ಟಿಯಾಗಲು ಬಳಸುತ್ತಿದ್ದ ಟಿಪಿಒ ಅನ್ನುವ ರಾಸಾಯನಿಕವನ್ನು ಯುರೋಪಿಯನ್ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ನಿಷೇಧಿಸಿದೆ. ಜೆಲ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ತಮ್ಮನ ಮದುವೆಗೆ ಹಾಕಿಸಿಕೊಳ್ಳಿ, ಚೆನ್ನಾಗಿ ಕಾಣುತ್ತದೆ. ಒಂದರ ಹಿಂದೆ ಒಂದು, ವರ್ಷವಿಡೀ ಹಾಕಿಸಿಕೊಳ್ಳುವುದು ಯಾಕೆ?

ನಮ್ಮೂರಲ್ಲೂ ಉಗುರಿಗೆ ಬಣ್ಣ ಹಚ್ಚುತ್ತಾರೆ. ಆಷಾಢದಲ್ಲಿ ಗೋರಂಟಿ ಸೊಪ್ಪು ಅರೆದು, ಬೆರಳ ತುದಿಗೆ ಮೆತ್ತಿ, ಬಟ್ಟೆ ಸುತ್ತಿಕೊಂಡು ಮಲಗುವುದು. ಚರ್ಮದ ಮೇಲಿನ ಕೆಂಪು ಕೆಲವು ವಾರದಲ್ಲಿ ಹೋಗುತ್ತದೆ. ಉಗುರಿನದು ಹಾಗಲ್ಲ, ಉಗುರು ಬೆಳೆದಂತೆ ಮೇಲೆ ಸರಿಯುತ್ತದೆ. ಕೈಯುಗುರು ಪೂರ್ತಿ ಹೊಸದಾಗಲು ಸುಮಾರು ಆರು ತಿಂಗಳು ಬೇಕು. ಹಾಗಾಗಿ ತಿಂಗಳುಗಳು ಕಳೆದಂತೆ ಉಗುರಿನ ಬುಡ ಬಿಳಿ, ತುದಿ ಕೆಂಪು. ಅದನ್ನು ಯಾರೂ ಗಲೀಜು ಅನ್ನುವುದಿಲ್ಲ. ಬುಡದ ಅದೇ ಖಾಲಿ ಜಾಗ ದುಬೈ ಆಫೀಸಿನಲ್ಲಿ ಕಂಡರೆ ಪಕ್ಕದವಳು "ಈ ವಾರ ಪುರುಸೊತ್ತಾಗಲಿಲ್ವಾ?" ಅಂತ ಕೇಳುತ್ತಾಳೆ. ಈ ವಿಷಯದಲ್ಲಿ ನನ್ನ ವೋಟು ಗೋರಂಟಿಗೆ.

ಕೈಯ ವಿಷಯ ಇಲ್ಲಿಗೆ ಸಾಕು. ತಿಂಗಳಿಗೊಮ್ಮೆ ಆಕಾರ ಮಾಡಿಸಿದರೆ ಧಾರಾಳ. ಮಧ್ಯದಲ್ಲಿ ಮನೆಯಲ್ಲೇ ಉಗುರಿನ ಅಂಚು ಉಜ್ಜಿ ಫೈಲ್ ಮಾಡಿಕೊಂಡು, ರಾತ್ರಿ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿಕೊಂಡರಾಯಿತು. ಉಗುರಿನ ಬುಡದ ತೆಳು ಚರ್ಮವನ್ನು ಮಾತ್ರ ಕತ್ತರಿಸಲು ಬಿಡಬೇಡಿ. ಒಳಗೆ ಕೀಟಾಣು ಹೋಗದಂತೆ ತಡೆಯುವುದು ಅದೇ. ಅದನ್ನು ತೆಗೆಸಿ ಉಗುರುಸುತ್ತು ಮಾಡಿಕೊಂಡು, ಆಮೇಲೆ ಬೆರಳಿಗೆ ನಿಂಬೆಹಣ್ಣು ಸಿಕ್ಕಿಸಿಕೊಂಡು ಓಡಾಡುವುದು ಯಾರಿಗೆ ಬೇಕು?

ಕಾಲಿನ ವಿಷಯ ಬೇರೆ. ಕಾಲುಗುರು ಬೆಳೆಯುವುದು ಕೈಯುಗುರಿನ ಅರ್ಧ ವೇಗದಲ್ಲಿ. ಹೆಬ್ಬೆರಳಿನ ಉಗುರು ಪೂರ್ತಿ ಬದಲಾಗಲು ವರ್ಷದಿಂದ ಒಂದೂವರೆ ವರ್ಷ ಹಿಡಿಯುತ್ತದೆ. ಬರೀ ಉಗುರಿನ ಲೆಕ್ಕ ಹಿಡಿದರೆ ಪೆಡಿಕ್ಯೂರ್ ಆರು ವಾರಕ್ಕೊಮ್ಮೆ ಆದರೂ ನಡೆಯುತ್ತದೆ. ಆದರೆ ಕಾಲೆಂದರೆ ಉಗುರು ಮಾತ್ರ ಅಲ್ವಲ್ಲ. ಇಲ್ಲಿ ದಿನವಿಡೀ ಏಸಿ, ವರ್ಷವಿಡೀ ಚಪ್ಪಲಿ. ಹಿಮ್ಮಡಿ ಒಣಗಿ ಬಿರಿಯುತ್ತದೆ. ತಿಂಗಳಿಗೊಮ್ಮೆ ಹೋಗುವುದಕ್ಕೆ ಕಾರಣವಿದೆ, ನಾನೂ ಹೋಗುತ್ತೇನೆ. ಇಲ್ಲಿನ ಒಂದು ಅಭ್ಯಾಸ ನನಗೆ ತುಂಬಾ ಇಷ್ಟ. ಸ್ಟೆರಿಲೈಸ್ ಮಾಡಿದ ಉಪಕರಣಗಳ ಪೊಟ್ಟಣವನ್ನು ನಮ್ಮ ಕಣ್ಣೆದುರೇ ಹರಿಯುತ್ತಾರೆ. ಮುನ್ಸಿಪಾಲಿಟಿಯವರು ತಪಾಸಣೆಗೆ ಬರುತ್ತಾರೆ ಅನ್ನುವ ಭಯವೂ ಇದೆ, ಇರಲಿ.

ಈ ಭಯ ಸುಮ್ನೆ ಅಲ್ಲ. 2000ರಲ್ಲಿ ಕ್ಯಾಲಿಫೋರ್ನಿಯಾದ ಒಂದೇ ಸಲೂನಿಗೆ ಹೋಗಿದ್ದ ನೂರಕ್ಕೂ ಹೆಚ್ಚು ಜನರಿಗೆ ಮೊಣಕಾಲಿನ ಕೆಳಗೆ ಕುರು ಎದ್ದಿತ್ತು. ಕಾಲು ನೆನೆಸುವ ಯಂತ್ರದ ತೊಟ್ಟಿಯಲ್ಲಿ, ನೀರು ಎಳೆದುಕೊಳ್ಳುವ ಜಾಲರಿಯ ಹಿಂದೆ ಕೂದಲು, ಕೊಳೆ ಕಟ್ಟಿಕೊಂಡು ಬ್ಯಾಕ್ಟೀರಿಯಾ ಬೆಳೆದಿತ್ತು. ಮೊದಲೇ ಕಾಲು ಶೇವ್ ಮಾಡಿಕೊಂಡು ಹೋದವರಿಗೆ ಅಪಾಯ ಜಾಸ್ತಿಯಾಗಿತ್ತು. ಹಾಸನದಲ್ಲಿ ಪಾರ್ಲರಿಗೆ ಹೋಗುವ ತಂಗಿಯರಿಗೆ ನಾನು ಹೇಳುವುದು ಇದನ್ನೇ. ಹಿಂದಿನ ದಿನ ಕಾಲಿಗೆ ರೇಜರ್ ಬೇಡ. ಗುಳ್ಳೆ ಏಳಿಸುವ ತೊಟ್ಟಿಗಿಂತ ಉಜ್ಜಿ ತೊಳೆದ ಪ್ಲಾಸ್ಟಿಕ್ ಟಬ್ಬೇ ವಾಸಿ.

ಊರಿನ ಕಾಲಿಗೆ ಕ್ಯಾಲೆಂಡರ್ ಅಲ್ಲ, ಮಳೆ-ಚಳಿ ನೋಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದಲ್ಲಿ ಓಡಾಡುವವರ ಕಾಲು ಒಣಗುವುದೇ ಇಲ್ಲ. ಗಮ್‌ಬೂಟಿನ ಒಳಗೂ ಒದ್ದೆ. ಬೆರಳ ಸಂದಿಯಲ್ಲಿ ಕೆಸರುಹುಣ್ಣು. ಆಗ ನೀರಲ್ಲಿ ನೆನೆಸುವ ಪೆಡಿಕ್ಯೂರ್ ಯಾರಿಗೂ ಬೇಡ, ದಿನಾ ರಾತ್ರಿ ಸಂದಿ ಒರೆಸಿ ಒಣಗಿಸಿದರೆ ಅದೇ ದೊಡ್ಡದು. ದೀಪಾವಳಿ ಹೊತ್ತಿಗೆ ಕಥೆ ಬದಲಾಗುತ್ತದೆ. ಹಾಸನಾಂಬೆಯ ಬಾಗಿಲು ತೆರೆಯುತ್ತದೆ, ಜನ ಬರಿಗಾಲಲ್ಲಿ ಗಂಟೆಗಟ್ಟಲೆ ಸಾಲಲ್ಲಿ ನಿಲ್ಲುತ್ತಾರೆ. ಅತ್ತ ಚಿಕ್ಕಮಗಳೂರಿನವರು ಬರಿಗಾಲಲ್ಲೇ ದೇವೀರಮ್ಮನ ಬೆಟ್ಟ ಹತ್ತುತ್ತಾರೆ. ಅದರ ಹಿಂದೆಯೇ ಚಳಿ, ಕಾಫಿ ಕುಯ್ಲು. ಕಾಲು ಒಡೆಯುವುದು ಆಗ. ನವೆಂಬರ್‌ನಿಂದ ಫೆಬ್ರವರಿಯವರೆಗೆ ವಾರಕ್ಕೊಮ್ಮೆ ಹಿಮ್ಮಡಿ ನೋಡಿಕೊಳ್ಳುವುದು ಶೋಕಿಯಲ್ಲ. ಅದಕ್ಕೆ ಪಾರ್ಲರೇ ಬೇಕೆಂದಿಲ್ಲ. ಹಂಡೆಯ ಬಿಸಿನೀರಿನ ಸ್ನಾನ ಆದ ಮೇಲೆ ಕಲ್ಲಲ್ಲಿ ಮೆಲ್ಲಗೆ ಉಜ್ಜಿ, ಹರಳೆಣ್ಣೆ ಹಚ್ಚಿ, ಸಾಕ್ಸ್ ಹಾಕಿ ಮಲಗಿದರೆ ಸಾಕು.

ಇದನ್ನು ಹೇಳಿದರೆ ನಮ್ಮ ಅತ್ತಿಗೆ ನಗುತ್ತಾರೆ. "ಅಲ್ಲ ಕಣೇ, ಕಾಲು ತೊಳೆಯೋಕೂ ದುಡ್ಡು ಕೊಡ್ತೀಯಾ?" ಅವರ ಮಾತು ಅವರ ಕಾಲಿಗೆ ಸರಿ. ಬಗ್ಗಿದರೆ ಬೆರಳು ಕೈಗೆ ಸಿಗುತ್ತದೆ. ಅಮ್ಮನಿಗೆ ಸಿಗುವುದಿಲ್ಲ. ಮಂಡಿ ನೋವು, ಕಣ್ಣು ಮಂಜು, ಸಾಲದ್ದಕ್ಕೆ ಶುಗರ್. ಊರಿನ ಎಷ್ಟೋ ಮನೆಗಳಲ್ಲಿ ಇಂಥ ಅಮ್ಮಂದಿರಿದ್ದಾರೆ. ಪೆಡಿಕ್ಯೂರ್ ಅನ್ನುವುದು ಯಾರಿಗಾದರೂ ನಿಯಮಿತವಾಗಿ ಬೇಕಿದ್ದರೆ ಇವರಿಗೆ ಬೇಕು, ಮದುಮಗಳಿಗಲ್ಲ. ಆದರೆ ನಾವು ದುಡ್ಡು ಖರ್ಚು ಮಾಡುವುದು ಮದುಮಗಳ ಕಾಲಿಗೆ.

ಶುಗರ್ ಇರುವವರ ಕಾಲಿಗೆ ಸ್ಪರ್ಶ ಕಡಿಮೆಯಾಗಿರಬಹುದು. ಗಾಯ ಆದದ್ದು ತಿಳಿಯುವುದಿಲ್ಲ, ಮಾಯುವುದೂ ನಿಧಾನ. ಆದ್ದರಿಂದ ಕಾಲು ನೋಡುವುದು ದಿನಾ, ಮುಟ್ಟುವುದು ಹುಷಾರಾಗಿ. ನೀರು ಉಗುರುಬೆಚ್ಚಗಿದ್ದರೆ ಸಾಕು, ಅದನ್ನೂ ಬೇರೆಯವರು ಮೊಣಕೈ ಅದ್ದಿ ನೋಡಬೇಕು. ತುಂಬಾ ಹೊತ್ತು ನೆನೆಸಬಾರದು. ಬ್ಲೇಡು ಹತ್ತಿರ ತರಬಾರದು. ಉಗುರನ್ನು ನೇರವಾಗಿ ಕತ್ತರಿಸಬೇಕು, ಮೂಲೆ ಕೆತ್ತಬಾರದು. ಹುಣ್ಣೋ ಬಿರುಕಲ್ಲಿ ರಕ್ತವೋ ಕಂಡರೆ ಪಾರ್ಲರ್ ಅಲ್ಲ, ಡಾಕ್ಟರು. ಊರಿನ ಪಾರ್ಲರಿನವರು ಶುಗರ್ ಇದೆಯಾ ಅಂತ ಒಂದು ಮಾತು ಕೇಳುವುದನ್ನು ರೂಢಿ ಮಾಡಿಕೊಂಡರೆ ನನಗೆ ಅವರ ಮೇಲೆ ಗೌರವ ಜಾಸ್ತಿಯಾಗುತ್ತದೆ.

ಸದ್ಯಕ್ಕೆ ನಮ್ಮ ಮನೆಯ ಏರ್ಪಾಡು ಹೀಗಿದೆ. ಅಮ್ಮನ ಕಾಲನ್ನು ದಿನಾ ಸಂಜೆ ನೋಡುವುದು ಅತ್ತಿಗೆ. ಅವರು ನಗುತ್ತಾರೆ, ಆದರೆ ತಪ್ಪಿಸುವುದಿಲ್ಲ. ಮೂರು ನಾಲ್ಕು ವಾರಕ್ಕೊಮ್ಮೆ ಅವರೇ ಉಗುರು ಕತ್ತರಿಸುತ್ತಾರೆ. ಇಲ್ಲಿಂದ ನಾನು ಕಳಿಸಿದ್ದು ಒಳ್ಳೆಯ ಕಟ್ಟರ್, ಫೈಲ್, ಒಣ ಚರ್ಮ ಮೆತ್ತಗಾಗಿಸುವ, ಯೂರಿಯಾ ಇರುವ ಕ್ರೀಮ್. ಬೆರಳ ಸಂದಿಗೆ ಅದನ್ನು ಹಚ್ಚಬೇಡಿ ಅಂತ ಫೋನಿನಲ್ಲಿ ಹೇಳುತ್ತಲೇ ಇರುತ್ತೇನೆ. ಅಮ್ಮ ಎಲ್ಲಕ್ಕೂ ಒಪ್ಪಿದ್ದಾರೆ. ಮಂಗಳವಾರ, ಶುಕ್ರವಾರ ಮತ್ತು ದೀಪ ಹಚ್ಚಿದ ಮೇಲೆ ಮಾತ್ರ ಉಗುರಿಗೆ ಕೈ ಹಾಕುವಂತಿಲ್ಲ.