ಮಳೆ ಬಾರದಿದ್ದರೆ ಬರ್ತೇನೆ

"ನಾಳೆ ಮಳೆ ಬಾರದಿದ್ದರೆ ಬರ್ತೇನೆ" ಅಂದಿದ್ದ ಅಡಿಕೆಗೆ ಮದ್ದು ಬಿಡುವವ. ಕಾಸರಗೋಡಿನ ಪೆರ್ಲದ ಕಡೆ ಮಳೆ ಜೋರಿರುವ ಆಟಿ ತಿಂಗಳಲ್ಲಿ ಇಂಥ ಮಾತಿಗೆ ತುಂಬಾ ಬೆಲೆ, ಕೊಳೆರೋಗ ಯಾರಿಗೂ ಕಾಯುವುದಿಲ್ಲ ಅಲ್ವಾ.

ಡಿಗ್ರಿಯಲ್ಲಿ ಗಣಿತ ಓದಿದ ಜಂಬ ನನಗೆ. ಮ ಅಂದರೆ ಮಳೆ, ಆ ಅಂದರೆ ಆಳು ಬರುವುದು. ಅವನ ಮಾತು ¬ಮ → ಆ, ಅಂದರೆ 'ಮ ಇಲ್ಲದಿದ್ದರೆ ಆ'. ರಾತ್ರಿಯಿಂದ ಬೆಳಗಿನ ಐದರ ತನಕ ಧೋ ಅಂತ ಸುರಿಯಿತು. ಮ ನಿಜ, ಹಾಗಾಗಿ ಆ ಸುಳ್ಳು ಅಂತ ತೀರ್ಮಾನಿಸಿ, ಮದ್ದಿಗೆ ಬೇಕಾದ ಮೈಲುತುತ್ತು ನೆನೆಹಾಕದೆ ಹೊದ್ದು ಮಲಗಿದೆ.

ಎಂಟೂವರೆಗೆ ಚುರುಕ್ ಬಿಸಿಲು. ಅಂಗಳದಲ್ಲಿ ಅವ, ಹೆಗಲಲ್ಲಿ ಮರ ಹತ್ತುವ ತಳೆ. ಡ್ರಮ್ಮಿನೊಳಗೆ ಬಗ್ಗಿ ನೋಡಿದರೆ ಒಂದು ಕಪ್ಪೆ.

"ಮಳೆ ಬಂತಲ್ಲ ಮಾರಾಯ?"

"ಮಳೆ ಬಂದರೆ ಬರುವುದಿಲ್ಲ ಅಂತ ನಾನು ಹೇಳಿದ್ದೇನಾ?" ಅವ ಕೇಳಿದ್ದು ತುಳುವಿನಲ್ಲಿ, ಆದರೆ ಮಾತು ಯಾವಾಗ ನಿಜ, ಯಾವಾಗ ಸುಳ್ಳು ಅಂತ ತೋರಿಸುವ ನಾಲ್ಕು ಸಾಲಿನ ಸತ್ಯಕೋಷ್ಟಕ ಪೂರ್ತಿ ಅದರಲ್ಲಿತ್ತು. ಮಳೆ ಬಾರದೆ ಅವನೂ ಬಾರದಿದ್ದರೆ ಮಾತ್ರ ಮಾತು ತಪ್ಪಿದ ಹಾಗೆ, ಉಳಿದ ಮೂರು ಸಾಲಿನಲ್ಲೂ ಅವ ಸತ್ಯವಂತ. ತರ್ಕವನ್ನು ಬೀಜಗಣಿತ ಮಾಡಿದ ಜಾರ್ಜ್ ಬೂಲ್ ಕೂಡ 1864ರಲ್ಲಿ ಮಳೆಯಲ್ಲಿ ನೆನೆದು, ಒದ್ದೆ ಬಟ್ಟೆಯಲ್ಲೇ ಪಾಠ ಮಾಡಿ, ನ್ಯುಮೋನಿಯಾ ಆಗಿ ತೀರಿಕೊಂಡವರು. ಮಳೆಗೂ ಈ ಶಾಸ್ತ್ರಕ್ಕೂ ಏನೋ ಹಳೇ ದ್ವೇಷ ಇರಬೇಕು.

ಸರಿ, ಬಿಸಿನೀರು ಕಾಯಿಸಿ ಮೈಲುತುತ್ತು ಕರಗಿಸಲು ಹೊರಟರೆ ಸುಣ್ಣ ಇಲ್ಲ. ನೂರು ಲೀಟರ್ ನೀರಿಗೆ ಮೈಲುತುತ್ತು ಒಂದು ಕಿಲೋ, ಸುಣ್ಣವೂ ಒಂದು ಕಿಲೋ ಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಬಿಡುವಂತಿಲ್ಲ.

"ನಿನ್ನೆ ಸುಣ್ಣ ತರ್ತೇನೆ ಅಂದಿದ್ರಿ?" ಅಂದಳು ಹೆಂಡತಿ.

"ಬದಿಯಡ್ಕಕ್ಕೆ ಹೋದರೆ ತರ್ತೇನೆ ಅಂದದ್ದು" ಅಂದೆ. ಆಳಿನ ಹತ್ತಿರ ಆಗತಾನೆ ಕಲಿತ ಪಾಠ ನೋಡಿ, ಸುಮ್ನೆ ಬಿಡಲು ಮನಸ್ಸಾಗಲಿಲ್ಲ. 'ಹೋದರೆ' ಅನ್ನುವುದೇ ಸುಳ್ಳಾದರೆ ಇಡೀ ಮಾತು ನಿಜ ಅಂತ ಕ್ಯಾಲೆಂಡರ್ ಹಿಂದೆ ಬರೆದೂ ತೋರಿಸಿದೆ.

ಅವಳು ಅದನ್ನು ನೋಡಲೂ ಇಲ್ಲ. "ಅಂದರೆ ನೀವು ನಿನ್ನೆ ಬದಿಯಡ್ಕಕ್ಕೆ ಹೋಗಲಿಲ್ಲ. ಹಾಗಾದರೆ ಅಲ್ಲಿಯ ಬ್ಯಾಂಕಿನ ಕೆಲಸ ಮುಗೀತು ಅಂದದ್ದು?"

ಹೋಗಿದ್ದೆ ಅಂದರೆ ಸುಣ್ಣದ ಮಾತು ಸುಳ್ಳು, ಹೋಗಲಿಲ್ಲ ಅಂದರೆ ಬ್ಯಾಂಕಿನ ಮಾತು ಸುಳ್ಳು. ಉಕ್ಕಿನಡ್ಕದ ಹೋಟೆಲಿನಲ್ಲಿ ಮೂರು ಗಂಟೆ ಪಟ್ಟಾಂಗ ಹೊಡೆದದ್ದಕ್ಕೆ ಯಾವ ಅಕ್ಷರ ಇಡುವುದೋ ಹೊಳೆಯಲಿಲ್ಲ. ಅಂಗಳದಲ್ಲಿ ಅವ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, "ಸುಣ್ಣ ಉಂಟಾ?" ಅಂತ ಕೇಳಿದ.